ಕ್ರೇಪ್ ಪೇಪರ್ ಹೂ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಬೊಂಬೆ ಕೂರಿಸೋಕೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ನನಗೆ ಫೋನ್ ಶುರುವಾಗುತ್ತದೆ. "ಅಕ್ಕಾ, ಆ ಪೇಪರ್ ಹೂ ಹೇಗೆ ಮಾಡೋದು, ಒಂದೈದು ನಿಮಿಷದಲ್ಲಿ ಹೇಳಿಬಿಡಿ." ಐದು ನಿಮಿಷದಲ್ಲಿ ಆಗೋ ಮಾತಲ್ಲ ಅದು. ಬೇಸಿಗೆ ರಜೆಯಲ್ಲಿ ಮೈಸೂರಿನ ನಮ್ಮ ಮನೆ ಹಜಾರದಲ್ಲಿ ಅಕ್ಕಪಕ್ಕದ ಮಕ್ಕಳಿಗೂ ಅವರ ಅಮ್ಮಂದಿರಿಗೂ ಕಲಿಸುತ್ತೇನೆ. ಮಂಡ್ಯದಲ್ಲಿರೋ ನನ್ನ ತಂಗಿ ಅವಳ ಗೆಳತಿಯರ ಪ್ರಶ್ನೆಗಳನ್ನೂ ನನಗೇ ದಾಟಿಸುತ್ತಾಳೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅದದನ್ನೇ. ಅದಕ್ಕೇ ಬರೆದಿಟ್ಟಿದ್ದೇನೆ.

ಕ್ರೇಪ್ ಪೇಪರ್ ಅಂದ್ರೆ ಯಾವುದು? ಗಾಳಿಪಟದ ಕಾಗದ, ಟಿಶ್ಯೂ ಪೇಪರ್ ಆಗಲ್ವಾ?

ಆಗಲ್ಲ. ಅವು ಹಿಗ್ಗುವುದಿಲ್ಲ, ಎಳೆದರೆ ಹರಿಯುತ್ತವೆ. ಕ್ರೇಪ್ ಪೇಪರ್ ಮೈತುಂಬ ಸಣ್ಣ ಸಣ್ಣ ಸುಕ್ಕು ಇರುತ್ತದೆ, ಎಳೆದರೆ ಆ ಸುಕ್ಕು ಬಿಚ್ಚಿಕೊಂಡು ಕಾಗದ ಹಿಗ್ಗುತ್ತದೆ. ಕಾರ್ಖಾನೆಯಲ್ಲಿ ಒದ್ದೆ ಕಾಗದ ಉರುಳೆಗೆ ಅಂಟಿಕೊಂಡಿರುವಾಗ ಅದನ್ನು ಒಂದು ಅಲಗಿನಿಂದ ಕೆರೆದು ಎಬ್ಬಿಸುತ್ತಾರೆ. ಸರಿಯಾಗಿ ಬೇಯದ ದೋಸೆಯನ್ನು ಮೊಗಚೆ ಕೈಯಲ್ಲಿ ತಳ್ಳಿದರೆ ಮುದುಡಿಕೊಳ್ಳುತ್ತಲ್ಲ, ಹಾಗೆ ಈ ಕಾಗದವೂ ಮುದುಡುತ್ತದೆ. ನಾವು ದೋಸೆ ಕೆಟ್ಟಿತು ಅಂತೀವಿ, ಅವರು ಅದನ್ನೇ ಮಾರುತ್ತಾರೆ. ಮೈಸೂರಿನವರಿಗೆ ಕ್ರೇಪ್ ಅನ್ನೋ ಮಾತೇನೂ ಹೊಸದಲ್ಲ. 1912ರಲ್ಲಿ ಶುರುವಾದ ನಮ್ಮ ರೇಷ್ಮೆ ಕಾರ್ಖಾನೆಯ ಸೀರೆಯೂ ಕ್ರೇಪ್ ಸಿಲ್ಕೇ. ಅಲ್ಲಿ ನೂಲನ್ನು ಬಿಗಿಯಾಗಿ ಹುರಿ ಮಾಡುವುದರಿಂದ ಆ ಸಣ್ಣ ಸುಕ್ಕು ಬರುತ್ತದೆ, ಇಲ್ಲಿ ಅಲಗಿನಿಂದ.

ಸ್ಟೇಷನರಿ ಅಂಗಡಿಯಲ್ಲಿ ಸಿಗುವುದು ತೆಳು ಕ್ರೇಪ್, ಮಡಿಸಿಟ್ಟಿರುತ್ತಾರೆ. ಕಲಿಯೋಕೆ ಅದು ಸಾಕು. ಇಟಲಿಯ ದಪ್ಪ ಕ್ರೇಪ್ ಅಂತ ಒಂದಿದೆ, 180 ಗ್ರಾಂ ಅಂತ ಬರೆದಿರುತ್ತದೆ. ತುಂಬ ಹಿಗ್ಗುತ್ತದೆ, ಎಸಳನ್ನು ಹೇಗೆ ಬಗ್ಗಿಸಿದರೂ ಹಾಗೇ ನಿಲ್ಲುತ್ತದೆ, ಬೆಲೆಯೂ ಜಾಸ್ತಿ. ಕೈ ಪಳಗುವ ಮುಂಚೆ ಅದನ್ನು ತರಿಸಿದರೆ ಕತ್ತರಿ ಹಾಕೋಕೇ ಹೆದರಿಕೆಯಾಗುತ್ತದೆ. ನಾನು ಮೊದಲ ಸಲ ತರಿಸಿದ್ದು ಎರಡು ವರ್ಷ ಬೀರುವಿನಲ್ಲೇ ಇತ್ತು.

ಏನೇನು ತರಬೇಕು? ಎಲ್ಲಿ ಸಿಗುತ್ತೆ?

ಕ್ರೇಪ್ ಪೇಪರ್ ಎರಡು ಬಣ್ಣ, ಜೊತೆಗೆ ಹಸಿರು ಒಂದು. ಹರಿತವಾದ ಕತ್ತರಿ, ಫೆವಿಕಾಲ್, ಹೊಲಿಗೆ ದಾರ, ಸ್ವಲ್ಪ ತಂತಿ. ಅಷ್ಟೇ. ಒಂದು ಮಡಿಕೆ ಕಾಗದಕ್ಕೆ ಹೋಟೆಲಿನ ಒಂದು ಮಸಾಲೆ ದೋಸೆಯಷ್ಟೂ ಆಗುವುದಿಲ್ಲ.

ಕಾಂಡಕ್ಕೆ ದುಡ್ಡು ಕೊಡಬೇಡಿ, ಮನೆಯ ಕಡ್ಡಿ ಪೊರಕೆಯಿಂದ ನಾಲ್ಕು ಕಡ್ಡಿ ಎಳೆದುಕೊಳ್ಳಿ. ತೆಂಗಿನ ಗರಿಯ ಕಡ್ಡಿ ಹಗುರ, ಹೂವಿನ ಭಾರಕ್ಕೆ ಒಂಚೂರು ಬಾಗುತ್ತದೆ, ನೋಡೋಕೆ ನಿಜವಾದ ತೊಟ್ಟಿನ ಹಾಗೇ ಇರುತ್ತದೆ. (ಹೊಸ ಪೊರಕೆಯಿಂದ ಕಿತ್ತು ನಮ್ಮತ್ತೆ ಕೈಲಿ ಬೈಸಿಕೊಂಡಿದ್ದೇನೆ, ಹಳೇದರಿಂದಲೇ ಕೀಳಿ, ತೊಳೆದು ಒಣಗಿಸಿ.) ತಂತಿ ಕೊಳ್ಳುವಾಗ ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳು ಅನ್ನುವುದು ನೆನಪಿರಲಿ. 18 ನಂಬರ್ ಕಾಂಡಕ್ಕೆ, 26 ನಂಬರ್ ಎಸಳಿಗೆ, ಎಲೆಗೆ. ಅದೂ ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಬೈಂಡಿಂಗ್ ವೈರ್ ಕೇಳಿ, ನಡೆಯುತ್ತದೆ.

ಮೈಸೂರಿನಲ್ಲಾದರೆ ದೇವರಾಜ ಮಾರ್ಕೆಟ್ ಸುತ್ತಮುತ್ತ, ಸಂತೆಪೇಟೆ ಕಡೆ ಒಂದು ಸುತ್ತು ಹಾಕಿ. ಮಂಡ್ಯದವರಿಗೆ ಪೇಟೆ ಬೀದಿ ಇದೆ. ಆನ್‌ಲೈನಲ್ಲೂ ಸಿಗುತ್ತದೆ, ಆದರೆ ಬಣ್ಣ ಮೊಬೈಲಲ್ಲಿ ಒಂದು, ಕೈಗೆ ಬಂದಾಗ ಒಂದು. ನಾನು ಕನಕಾಂಬರದ ಬಣ್ಣ ಅಂದುಕೊಂಡು ತರಿಸಿದ್ದು ಕೊನೆಗೆ ಟೊಮೆಟೊ ಬಣ್ಣ ಆಗಿತ್ತು.

ಪಟ್ಟಿಯಲ್ಲಿ ಇನ್ನೊಂದಿದೆ, ಅದನ್ನು ಯಾರೂ ತರುವುದಿಲ್ಲ: ಮಾಡಬೇಕೆಂದಿರುವ ಹೂವು, ನಿಜವಾದದ್ದು, ಎರಡು. ಒಂದು ಬಿಚ್ಚೋಕೆ, ಇನ್ನೊಂದು ನೋಡೋಕೆ.

ಹೂ ಮಾಡೋಕೆ ಹೂ ಯಾಕೆ? ವಿಡಿಯೋ ನೋಡಿದ್ರೆ ಸಾಲದಾ?

ವಿಡಿಯೋದಲ್ಲಿ ಇನ್ನೊಬ್ಬರು ನೋಡಿದ ಹೂ ಇರುತ್ತದೆ. ನೀವು ನೋಡಿರಲ್ಲ.

ದಾಸವಾಳ ತಗೊಳ್ಳಿ. ದಿನಾ ಬೆಳಗ್ಗೆ ದೇವರಿಗೆ ಕೀಳುವ ಹೂವೇ ಅಲ್ವಾ? ಈಗ ಕಣ್ಣು ಮುಚ್ಚಿ ಹೇಳಿ, ಎಸಳು ಎಷ್ಟು? ನನ್ನ ಕ್ಲಾಸಲ್ಲಿ ಕೇಳಿದಾಗ ಆರು ಅಂದವರಿದ್ದಾರೆ, ಎಂಟು ಅಂದವರೂ ಇದ್ದಾರೆ. ಒಂದು ಸುತ್ತಿನ ದಾಸವಾಳಕ್ಕೆ ಐದೇ. ಪೇಪರ್ ಹಾಸಿಕೊಂಡು ಒಂದೊಂದಾಗಿ ಬಿಚ್ಚಿ. ಒಂದು ಎಸಳಿನ ಅಂಚು ಪಕ್ಕದ್ದರ ಮೇಲೆ ಕೂತಿರುತ್ತದೆ, ಐದೂ ಒಂದೇ ಕಡೆಗೆ, ಸೀರೆ ನೆರಿಗೆ ಹಾಗೆ. ಬುಡದಲ್ಲಿ ಬಣ್ಣ ಗಾಢ. ನಡುವಿಂದ ಉದ್ದಕ್ಕೆ ಒಂದು ಕೊಳವೆ ಹೊರಗೆ ಚಾಚಿರುತ್ತದೆ, ಅದರ ಮೈಗೆ ಹಳದಿ ಪುಡಿ ಹೊತ್ತ ಕೇಸರಗಳು, ತೀರಾ ತುದಿಯಲ್ಲಿ ಐದು ಪುಟ್ಟ ಗುಂಡುಗಳು. ಹಿಂದೆ ತಿರುಗಿಸಿದರೆ ಹಸಿರು ಬಟ್ಟಲು, ಅದರ ಕೆಳಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಳೆಗಳು. ಆ ಎರಡನೇ ಸುತ್ತನ್ನು ನಾನು ಎಷ್ಟೋ ವರ್ಷ ನೋಡೇ ಇರಲಿಲ್ಲ. ಅದನ್ನು ಅಂಟಿಸಿದ ದಿನ ನಮ್ಮತ್ತೆ ನನ್ನ ಕಾಗದದ ಹೂವನ್ನು ಬುಟ್ಟಿಯಿಂದ ಎತ್ತಿ ದೇವರ ಮನೆಗೆ ತಗೊಂಡು ಹೋಗಿಬಿಟ್ಟಿದ್ದರು.

ಬಿಚ್ಚಿದ ಎಸಳನ್ನೇ ರಟ್ಟಿನ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದರೆ ನಿಮ್ಮ ಅಚ್ಚು ರೆಡಿ. ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೂ ಹೂವಿನ ಮುಂದೆ ನಿಂತು ಸೆಲ್ಫಿ ತೆಗೆದರೆ ಸಾಲದು, ಹೂವಿನ ಹಿಂಭಾಗದ್ದು, ತೊಟ್ಟಿನದ್ದು ಫೋಟೋ ತೆಗೆದುಕೊಂಡು ಬನ್ನಿ. ಅದೇ ಮುಂದೆ ಕೆಲಸಕ್ಕೆ ಬರುವುದು.

ಹೇಳಿದ ಹಾಗೇ ಕತ್ತರಿಸಿದೆ, ಆದರೂ ಎಸಳು ಬಗ್ಗುತ್ತಿಲ್ಲ, ಜೋತು ಬೀಳುತ್ತೆ. ಯಾಕೆ?

ನೂರಕ್ಕೆ ತೊಂಬತ್ತು ಜನರದ್ದು ಇದೇ ತಪ್ಪು. ಸುಕ್ಕಿನ ದಿಕ್ಕು ನೋಡಿಲ್ಲ.

ಕಾಗದ ಕೈಯಲ್ಲಿ ಹಿಡಿದು ನೋಡಿ. ಸುಕ್ಕಿನ ಗೆರೆಗಳು ಒಂದೇ ಕಡೆಗೆ ಓಡುತ್ತವೆ. ಗೆರೆಯ ಉದ್ದಕ್ಕೆ ಎಳೆದರೆ ಏನೂ ಆಗುವುದಿಲ್ಲ, ಗೆರೆಗೆ ಅಡ್ಡಲಾಗಿ ಎಳೆದರೆ ಹಿಗ್ಗುತ್ತದೆ. ಎಸಳಿನಲ್ಲಿ ಗೆರೆ ಬುಡದಿಂದ ತುದಿಗೆ ನೆಟ್ಟಗೆ ಹೋಗಬೇಕು. ಆಗ ಎಸಳು ನಿಲ್ಲುತ್ತದೆ, ಅಗಲಕ್ಕೆ ಹಿಗ್ಗುತ್ತದೆ. ಇದೇ ಎಸಳನ್ನು ಅಡ್ಡ ಕತ್ತರಿಸಿದರೆ ಒದ್ದೆ ಹಪ್ಪಳ ಆಗುತ್ತದೆ.

ಗೆರೆ ಸರಿ ಇದ್ದರೆ ಈಗ ಮಜಾ. ಎರಡೂ ಹೆಬ್ಬೆರಳನ್ನು ಎಸಳಿನ ನಡುವೆ ಇಟ್ಟು ಮೆಲ್ಲಗೆ ಎರಡು ಪಕ್ಕಕ್ಕೆ ಎಳೆಯಿರಿ, ಅಂಚು ಮುಟ್ಟಬೇಡಿ. ನಡು ಗುಳಿಬಿದ್ದು ಬಟ್ಟಲಾಗುತ್ತದೆ. ಅಂಚನ್ನು ಮಾತ್ರ ಚಿಟಿಕೆ ಚಿಟಿಕೆಯಾಗಿ ಎಳೆದರೆ ಫ್ರಿಲ್ ಬರುತ್ತದೆ. ಅಂಚನ್ನು ಪೊರಕೆ ಕಡ್ಡಿಗೆ ಸುತ್ತಿ ಬಿಟ್ಟರೆ ಸುರುಳಿಯಾಗಿ ಹಿಂದಕ್ಕೆ ಬಾಗುತ್ತದೆ. ಈ ಮೂರೇ ವಿದ್ಯೆ, ಯಾವ ಹೂವಿಗಾದರೂ. ಒಂದು ಎಚ್ಚರ ಅಂದರೆ ಸುಕ್ಕು ಒಮ್ಮೆ ಪೂರ್ತಿ ಬಿಚ್ಚಿಕೊಂಡರೆ ಮತ್ತೆ ವಾಪಸ್ ಬರುವುದಿಲ್ಲ, ಅದಕ್ಕೇ ಎಳೆಯುವಾಗ ಅರ್ಧಕ್ಕೇ ನಿಲ್ಲಿಸುವುದನ್ನು ಕಲಿಯಬೇಕು.

ಮೊದಲು ಯಾವ ಹೂ ಮಾಡಲಿ? ಗುಲಾಬಿ?

ಬೇಡ. ಚೆಂಡು ಹೂ ಮಾಡಿ. ಕೈಗೆ ಕಾಗದ ಒಗ್ಗುತ್ತದೆ, ತಪ್ಪಾದರೂ ಗೊತ್ತಾಗುವುದಿಲ್ಲ, ಬೇಗ ಮುಗಿಯುತ್ತದೆ.

ಹಳದಿ ಅಥವಾ ಕೇಸರಿ ಕಾಗದದ ಮಡಿಕೆ ಬಿಚ್ಚಬೇಡಿ. ಬಾಳೆದಿಂಡು ಬಿಲ್ಲೆ ಕತ್ತರಿಸುವ ಹಾಗೆ ಮಡಿಕೆಯ ತುದಿಯಿಂದ 5 ಸೆಂ.ಮೀ. ಕತ್ತರಿಸಿ. ಬಿಚ್ಚಿದಾಗ ಉದ್ದನೆ ರಿಬ್ಬನ್ ಸಿಗುತ್ತದೆ, ಸುಕ್ಕು ಅದರ ಅಗಲಕ್ಕೆ ಬಂದಿರುತ್ತದೆ, ನಮಗೆ ಬೇಕಾಗಿದ್ದು ಅದೇ. ಒಂದು ಹೂವಿಗೆ ಸುಮಾರು 60 ಸೆಂ.ಮೀ. ಉದ್ದ ಸಾಕು. ಒಂದು ಉದ್ದ ಅಂಚನ್ನು ಬೆರಳಿನಿಂದ ಎಳೆಯುತ್ತ ಫ್ರಿಲ್ ಮಾಡಿಕೊಳ್ಳಿ. ಆಮೇಲೆ ಆ ಅಂಚಿನಿಂದಲೇ ಒಳಕ್ಕೆ, ಅರ್ಧ ಅರ್ಧ ಸೆಂ.ಮೀ.ಗೆ ಒಂದರಂತೆ ಸೀಳುತ್ತ ಹೋಗಿ. ಬುಡದಲ್ಲಿ ಒಂದೂವರೆ ಸೆಂ.ಮೀ. ಬಿಡಿ, ಪೂರ್ತಿ ಸೀಳಿದರೆ ಕೈಯಲ್ಲಿ ಬರೀ ಶ್ಯಾವಿಗೆ ಉಳಿಯುತ್ತದೆ.

ಪೊರಕೆ ಕಡ್ಡಿ ತುದಿಗೆ ಒಂದು ಹನಿ ಫೆವಿಕಾಲ್ ಹಚ್ಚಿ, ರಿಬ್ಬನಿನ ಬುಡವನ್ನು ಅದಕ್ಕೆ ಸುತ್ತಿ. ಮೊದಲ ಎರಡು ಸುತ್ತು ಬಿಗಿ, ಆಮೇಲೆ ಸಣ್ಣ ಸಣ್ಣ ನೆರಿಗೆ ಹಿಡಿಯುತ್ತ ಸಡಿಲವಾಗಿ. ಬುಡ ಎಲ್ಲ ಒಂದೇ ಮಟ್ಟದಲ್ಲಿ ಇರಬೇಕು, ಜಾರಿದರೆ ಹೂವು ಸುರುಳಿ ಮೆಟ್ಟಿಲಾಗುತ್ತದೆ. ಸುತ್ತಿದ ಮೇಲೆ ದಾರದಿಂದ ಗಟ್ಟಿಯಾಗಿ ಕಟ್ಟಿ. ಈಗ ಹೊರಗಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲನ್ನು ಬೆರಳಲ್ಲಿ ಕೆಳಕ್ಕೆ ಬಗ್ಗಿಸಿ. ನಡುವಿನದು ಮುಚ್ಚಿಕೊಂಡೇ ಇರಲಿ. ಬುಡಕ್ಕೆ ಹಸಿರು ಕ್ರೇಪಿನ ಸಣ್ಣ ಪಟ್ಟಿ ಸುತ್ತಿ ಹಾಗೇ ಕಾಂಡದ ಕೆಳಗಿನವರೆಗೂ ಓರೆಯಾಗಿ ಸುತ್ತುತ್ತ ಹೋದರೆ ಮುಗಿಯಿತು.

ರಿಬ್ಬನಿಗೆ ಫ್ರಿಲ್ ಮಾಡದೆ, ಸೀಳು ಇನ್ನೂ ಸಣ್ಣದು ಮಾಡಿ, ತುದಿಗಳನ್ನು ಒಳಕ್ಕೆ ಸುರುಳಿ ಮಾಡಿದರೆ ಅದೇ ಸೇವಂತಿಗೆ.

ನನ್ನ ಗುಲಾಬಿ ಎಲೆಕೋಸಿನ ಥರ ಕಾಣುತ್ತೆ. ಏನು ಮಾಡಲಿ?

ಎಲ್ಲರದ್ದೂ ಮೊದಲು ಎಲೆಕೋಸೇ. ನಿಮ್ಮ ಎಸಳುಗಳೆಲ್ಲ ಒಂದೇ ಅಳತೆಯವು, ಅದಕ್ಕೆ. ಒಳಗಿನ ಮೂರು ಎಸಳು ಹನಿಯ ಆಕಾರ, 5 ಸೆಂ.ಮೀ. ಎತ್ತರ, ಮೊಗ್ಗಿನ ಹಾಗೆ ಬಿಗಿಯಾಗಿ ಸುತ್ತಿ. ಮುಂದಿನ ಐದು ಒಂದು ಸೆಂ.ಮೀ. ದೊಡ್ಡವು, ತುದಿ ಹೃದಯದ ಆಕಾರ, ನಡು ಬಟ್ಟಲು ಮಾಡಿದವು. ಕೊನೆಯ ಐದಾರು ಇನ್ನೂ ದೊಡ್ಡವು, ಅಂಚು ಹಿಂದಕ್ಕೆ ಸುರುಳಿ. ಹೊಸ ಎಸಳು ಯಾವಾಗಲೂ ಹಿಂದಿನ ಎರಡು ಎಸಳಿನ ಸಂದಿಗೆ ಬರಲಿ. ಐದು ಎಸಳಿಗೊಂದು ಸಲ ದಾರ ಕಟ್ಟಿ, ಬರೀ ಅಂಟು ನಂಬಬೇಡಿ.

ಕೆಳಗಿನ ಹಸಿರು ಎಲೆ ಐದು. ಅದು ಇಲ್ಲದೆ ಗುಲಾಬಿ ಮುಗಿಯಲ್ಲ. ಸುಮ್ನೆ ಒಂದು ಹಸಿರು ಪಟ್ಟಿ ಸುತ್ತಿ ಬಿಡುವವರೇ ಜಾಸ್ತಿ, ದೂರದಿಂದಲೇ ಗೊತ್ತಾಗುತ್ತದೆ.

ಮೈಸೂರು ಮಲ್ಲಿಗೆ ಮಾಡಬಹುದಾ?

ಮಾಡಬಹುದು, ನಾನು ಮಾಡಲ್ಲ. ಒಂದು ಮೊಳ ಆಗುವಷ್ಟು ಮೊಗ್ಗು ಮಡಚಿ ಕಟ್ಟೋಕೆ ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು, ಮುಗಿದ ಮೇಲೆ ನೋಡಿದರೆ ಹತ್ತಿಯ ಗೆಜ್ಜೆವಸ್ತ್ರದ ಹಾಗಿತ್ತು. ಮಲ್ಲಿಗೆ ಅಂದರೆ ಅರ್ಧ ಪರಿಮಳವೇ ಅಲ್ವಾ? ಭೌಗೋಳಿಕ ಗುರುತು ಪಡೆದ ಹೂವು, ಮಾರ್ಕೆಟ್ಟಿನಲ್ಲಿ ಮೊಳಕ್ಕೆ ಇಷ್ಟು ಅಂತ ಸಿಗುತ್ತದೆ, ಹೋಗಿ ಕೊಂಡುಕೊಳ್ಳಿ. ಕಾಗದದ ಮಲ್ಲಿಗೆಗೆ ಸೆಂಟು ಹೊಡೆಯೋ ಯೋಚನೆ ಇದ್ದರೆ ಬಿಟ್ಟುಬಿಡಿ, ಕಲೆ ಆಗುತ್ತದೆ.

ಯಾವ ಅಂಟು ಒಳ್ಳೇದು?

ಫೆವಿಕಾಲ್, ಆದರೆ ಸಾಸಿವೆ ಕಾಳಷ್ಟು. ಜಾಸ್ತಿ ಹಚ್ಚಿದರೆ ಕಾಗದ ನೆನೆದು ಸುಕ್ಕು ಚಪ್ಪಟೆಯಾಗುತ್ತದೆ, ಬಣ್ಣ ಕೈಗೆ ಬರುತ್ತದೆ. ಒಂದು ಮುಚ್ಚಳದಲ್ಲಿ ಹಾಕಿಕೊಂಡು ಐದು ನಿಮಿಷ ಗಾಳಿಗಿಟ್ಟರೆ ಸ್ವಲ್ಪ ಗಟ್ಟಿಯಾಗುತ್ತದೆ, ಆಗ ಕೆಲಸ ಸುಲಭ. ಗ್ಲೂ ಗನ್ ಬೇಗ ಹಿಡಿಯುತ್ತದೆ, ಅಷ್ಟೇ ಬೇಗ ಬೆರಳೂ ಸುಡುತ್ತದೆ, ದೊಡ್ಡವರು ದಪ್ಪ ಕಾಂಡಕ್ಕೆ ಬಳಸಲಿ. ಮೈದಾ ಅಂಟು ಬೇಡವೇ ಬೇಡ. ಜಿರಳೆ, ಇರುವೆ ಊಟಕ್ಕೆ ಬರುತ್ತವೆ. ಹುಳ ಬರದಿರಲಿ ಅಂತ ಅದಕ್ಕೆ ಮೈಲುತುತ್ತ ಹಾಕುವವರಿದ್ದಾರೆ, ಅದು ವಿಷ, ಮಕ್ಕಳಿರುವ ಮನೆಯಲ್ಲಿ ಆ ಸಾಹಸ ಯಾಕೆ?

ಎಲೆ ಹೇಗೆ ಮಾಡೋದು? ನಂದು ಬರೀ ಹಸಿರು ತುಂಡಿನ ಥರ ಇರುತ್ತೆ.

ಎಲೆಯ ನರ ನಡುವಿಂದ ಎರಡೂ ಕಡೆಗೆ ಓರೆಯಾಗಿ ಹೋಗುತ್ತದೆ. ಕ್ರೇಪಿನ ಸುಕ್ಕನ್ನೇ ನರ ಮಾಡಿಕೊಳ್ಳಬಹುದು. ಒಂದು ಹಸಿರು ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ಎರಡು ತ್ರಿಕೋನ ಬರುತ್ತದೆ. ಒಂದನ್ನು ಮಗುಚಿ ಹಾಕಿ, ಓರೆ ಕತ್ತರಿಸಿದ ಅಂಚುಗಳನ್ನು ಒಂದರ ಮೇಲೊಂದು ಸ್ವಲ್ಪವೇ ಬರುವಂತೆ ಅಂಟಿಸಿ, ನಡುವೆ ತೆಳು ತಂತಿ ಇಡಿ. ಸುಕ್ಕು ಎರಡೂ ಕಡೆ ಎದುರುಬದುರು ಓರೆಯಾಗಿ ನಿಲ್ಲಬೇಕು, ಮೀನಿನ ಮುಳ್ಳಿನ ಹಾಗೆ. ಹಾಗೆ ಬರದಿದ್ದರೆ ಮಗುಚೋದು ಮರೆತಿದ್ದೀರಿ ಅಂತ. ಒಣಗಿದ ಮೇಲೆ ಎಲೆಯ ಆಕಾರಕ್ಕೆ ಕತ್ತರಿಸಿ. ತಂತಿ ಇರುವುದರಿಂದ ಹೇಗೆ ಬೇಕಾದರೂ ಬಗ್ಗಿಸಬಹುದು.

ಕೇಸರ, ಪರಾಗಕ್ಕೆ ಏನು ಹಾಕಲಿ?

ದಾರದ ತುದಿಗೆ ಅಂಟು ಹಚ್ಚಿ ಅರಿಶಿನ ಕಲೆಸಿದ ಸಣ್ಣ ರವೆಯಲ್ಲಿ ಅದ್ದಿ. ದಾಸವಾಳಕ್ಕೆ ಇದಕ್ಕಿಂತ ಚೆನ್ನಾಗಿರುವುದು ನಾನು ನೋಡಿಲ್ಲ. ಆದರೆ ಹತ್ತು ದಿನದ ಹಬ್ಬಕ್ಕೆ ಮಾತ್ರ. ವರ್ಷಗಟ್ಟಲೆ ಇಡುವ ಹೂವಿಗೆ ರವೆ ಬೇಡ, ಹುಳ ಬೀಳುತ್ತದೆ, ಬಣ್ಣದ ಸೀಮೆಸುಣ್ಣದ ಪುಡಿ ಹಾಕಿ. ಎಸಳಿನ ಬುಡಕ್ಕೆ ಗಾಢ ಬಣ್ಣ ಬೇಕಿದ್ದರೂ ಸೀಮೆಸುಣ್ಣವನ್ನೇ ಬೆರಳಲ್ಲಿ ಉಜ್ಜಿ. ಕುಂಕುಮ ಉಜ್ಜಿದರೆ ಹೂವಿಗಿಂತ ಜಾಸ್ತಿ ಗೋಡೆಗೆ, ಬಟ್ಟೆಗೆ ಅಂಟುತ್ತದೆ.

ನೀರು ಬಿದ್ದರೆ ಏನಾಗುತ್ತೆ?

ಬಣ್ಣ ಬಿಡುತ್ತದೆ. ಅದರಲ್ಲೂ ಕೆಂಪು. ಒಂದು ವರ್ಷ ಕಳಶದ ಸುತ್ತ ಕೆಂಪು ಗುಲಾಬಿ ಜೋಡಿಸಿದ್ದೆ. ಕಳಶದ ನೀರು ಯಾವಾಗ ಚೆಲ್ಲಿತೋ ಗೊತ್ತಿಲ್ಲ, ಬೆಳಗ್ಗೆ ನೋಡಿದರೆ ಪಟ್ಟದ ಗೊಂಬೆಯ ಬಿಳಿ ಪಂಚೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ರಾಜರಿಗೆ ಹೊಸ ಪಂಚೆ ಹೊಲಿಸಬೇಕಾಯಿತು, ಅದೂ ನವರಾತ್ರಿಯ ನಡುವೆ. ಅಂದಿನಿಂದ ನೀರು, ಹಸಿ ಹೂ, ವೀಳ್ಯದೆಲೆ ಇರುವ ಕಡೆ ಕಾಗದದ ಹೂ ಇಡುವುದಿಲ್ಲ.

ಈ ದೋಷವನ್ನೇ ಉಪಯೋಗಿಸಿಕೊಳ್ಳಬಹುದು. ಕೆಂಪು ಕಾಗದದ ಚೂರನ್ನು ಎರಡು ಚಮಚ ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಬ್ರಷ್ಷಿನಲ್ಲಿ ಬಿಳಿ ಎಸಳಿನ ಅಂಚಿಗೆ ಮುಟ್ಟಿಸಿದರೆ ಬಣ್ಣ ತಾನೇ ಒಳಕ್ಕೆ ಹರಡುತ್ತದೆ. ತಾವರೆಗೆ ಇದು ಬಹಳ ಚೆನ್ನ. ಎಳೆಯುವ, ಬಗ್ಗಿಸುವ ಕೆಲಸ ಮಾತ್ರ ಪೂರ್ತಿ ಒಣಗಿದ ಮೇಲೆ.

ಎಷ್ಟು ದಿನ ಬಾಳಿಕೆ ಬರುತ್ತೆ?

ಬಿಸಿಲಿಗೆ ಇಟ್ಟರೆ ಕೆಲವೇ ವಾರದಲ್ಲಿ ಬಣ್ಣ ಮಂಕಾಗುತ್ತದೆ. ನೆರಳಲ್ಲಿ, ಶೂ ಡಬ್ಬಿಯಲ್ಲಿ ನಿಲ್ಲಿಸಿ ಇಟ್ಟರೆ ಮುಂದಿನ ದಸರೆಗೂ ಬರುತ್ತವೆ. ಮಳೆಗಾಲದಲ್ಲಿ ಗಾಳಿಯ ತೇವಕ್ಕೇ ಎಸಳು ಸೋತು ಬಾಗುತ್ತವೆ, ಹಾಗಾಗಿ ಆಷಾಢ ಶ್ರಾವಣದಲ್ಲಿ ಮಾಡಿದ್ದನ್ನು ಹೊರಗೆ ಬಿಡಬೇಡಿ. ಧೂಳಿಗೆ ಮೆತ್ತನೆಯ ಬ್ರಷ್ಷು. ಒದ್ದೆ ಬಟ್ಟೆ ಮಾತ್ರ ಬೇಡ.

ಕರಗಿಸಿದ ಮೇಣದಲ್ಲಿ ಅದ್ದಿ ತೆಗೆದರೆ ನೀರು ಅಷ್ಟಾಗಿ ತಾಗುವುದಿಲ್ಲ, ಬಣ್ಣವೂ ಗಾಢವಾಗುತ್ತದೆ. ಮೇಣದ ಪಾತ್ರೆಯನ್ನು ನೇರ ಉರಿಗೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಮೊದಲ ಸಲ ಮಾಡುವವರು ಇದನ್ನು ಬಿಟ್ಟುಬಿಡಿ.

ದೇವರ ಮುಂದೆ ಇಡಬಹುದಾ?

ಅಲಂಕಾರಕ್ಕೆ ಇಡಬಹುದು, ಅರ್ಚನೆಗೆ ಹಸಿ ಹೂವೇ. ನಮ್ಮ ಮನೆಯಲ್ಲಿ ಹೀಗೆ, ನಿಮ್ಮ ಮನೆ ಹಿರಿಯರನ್ನು ಕೇಳಿ. ನನ್ನ ಚಿಂತೆ ಬೇರೆ. ಇದು ಕಾಗದ, ಮೇಣ ಹಚ್ಚಿದ್ದರಂತೂ ಕೇಳಲೇಬೇಡಿ, ದೀಪದ ಕುಡಿ ತಾಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಿಕೊಳ್ಳುತ್ತದೆ. ದೀಪ, ಊದುಬತ್ತಿ, ಕರ್ಪೂರದಾರತಿ ಇವುಗಳಿಂದ ಕಡೇಪಕ್ಷ ಎರಡು ಮೊಳ ದೂರ ಇರಲಿ. ಫ್ಯಾನ್ ಗಾಳಿಗೆ ಹೂ ಎತ್ತ ವಾಲುತ್ತದೆ ಅಂತಲೂ ನೋಡಿ.

ಮಕ್ಕಳು ಮಾಡಬಹುದಾ?

ಚೆಂಡು ಹೂವನ್ನು ಒಂದನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ. ತಂತಿ, ಗ್ಲೂ ಗನ್ ದೊಡ್ಡವರ ಕೈಯಲ್ಲಿರಲಿ. ಸ್ಕೂಲ್ ಪ್ರಾಜೆಕ್ಟ್ ಅಂದರೆ ರಾತ್ರಿ ಹತ್ತು ಗಂಟೆಗೆ ಅಮ್ಮಂದಿರು ಮಾಡೋದು ಅನ್ನುವುದು ನನಗೂ ಗೊತ್ತು.

ಮಾರಿದರೆ ದುಡ್ಡು ಬರುತ್ತಾ?

ಲೆಕ್ಕ ಹಾಕಿ ಆಮೇಲೆ ಒಪ್ಪಿಕೊಳ್ಳಿ. ಹೊಸಬರಿಗೆ ಒಂದು ಗುಲಾಬಿಗೆ 40 ನಿಮಿಷ ಹಿಡಿಯುತ್ತದೆ. ನನಗೆ ಈಗ 12 ನಿಮಿಷ. 200 ಗುಲಾಬಿಗೆ 40 ಗಂಟೆ ಆಯಿತು, ಅಂದರೆ ದಿನಕ್ಕೆ ಐದು ಗಂಟೆ ಕೂತರೂ ಎಂಟು ದಿನ. ಕಾಗದದ ಖರ್ಚು ಇದರ ಮುಂದೆ ಏನೇನೂ ಅಲ್ಲ. "ಪೇಪರ್ ತಾನೇ" ಅಂತ ಚೌಕಾಸಿ ಮಾಡುವವರಿಗೆ ಈ ಗಂಟೆ ಲೆಕ್ಕ ತೋರಿಸಿ. ಒಬ್ಬರು ಮಂಟಪದ ಅಲಂಕಾರಕ್ಕೆ ಅಂತ ಬಾಯಿಮಾತಲ್ಲಿ 200 ಹೂ ಹೇಳಿ, ಮದುವೆ ಮುಗಿದ ಮೇಲೆ ಅರ್ಧ ಹೂವನ್ನು ಬಾಡಿಗೆಗೆ ತಂದವರ ಹಾಗೆ ವಾಪಸ್ ತಂದುಕೊಟ್ಟರು, ದುಡ್ಡೂ ಅರ್ಧವೇ ಕೊಟ್ಟರು. ಈಗ ಮುಂಗಡ ಇಲ್ಲದೆ ಕತ್ತರಿ ಮುಟ್ಟುವುದಿಲ್ಲ.

ಉಳಿದ ಚೂರು ಏನು ಮಾಡಲಿ?

ಹಳದಿ ಚೂರು ಹೂವಿನ ನಡುವಿಗೆ, ಕೆಂಪು ಚೂರು ಬಣ್ಣದ ನೀರಿಗೆ ಅಂತ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹಸಿರು ಚೂರನ್ನು ಇನ್ನೂ ಸಣ್ಣಗೆ ಕತ್ತರಿಸಿ ಬೊಂಬೆ ಪಾರ್ಕಿಗೆ (ಬೊಂಬೆಗಳ ಜೊತೆ ರಾಗಿ ಪೈರು ಬೆಳೆಸಿ ಮಾಡುವ ಪುಟ್ಟ ತೋಟ) ಹಾಕುತ್ತೇವೆ, ಪೈರು ಮೊಳಕೆ ಬರದೇ ಬೋಳಾಗಿ ಉಳಿದ ಜಾಗಕ್ಕೆ. ಪ್ರತಿ ವರ್ಷ ಒಂದು ಮೂಲೆ ಹಾಗೆ ಉಳಿದೇ ಉಳಿಯುತ್ತದೆ. ಪೈರಿಗೆ ನೀರು ಚಿಮುಕಿಸುವಾಗ ಮಾತ್ರ ಆ ಮೂಲೆ ತಪ್ಪಿಸಿ.